ಎರಡು ಬಸ್ಸಿನಷ್ಟು ನೋಟ

ಈ ಇಸ್ತ್ರಿ ಪೆಟ್ಟಿಗೆಯ ಹಿಡಿಯ ಮೇಲೆ ಕೈಯಿಟ್ಟು ಹೇಳುತ್ತಿದ್ದೇನೆ. ಇದರಲ್ಲಿ ಒಂದೆಳೆ ಸುಳ್ಳು ಸೇರಿದ್ದರೂ ಒಳಗಿರುವ ಕೆಂಡವೆಲ್ಲ ನನ್ನ ಪಾದದ ಮೇಲೆ ಸುರಿಯಲಿ. ಬೇರೆ ಕತೆಗಳಿಗೆ ನಾನು ಸ್ವಲ್ಪ ಉಪ್ಪು ಖಾರ ಹಾಕುವುದುಂಟು. ನಮ್ಮಜ್ಜ ಆನೆಯ ಬೆನ್ನ ಮೇಲೆ ಹೊದಿಸುವ ಜೂಲಕ್ಕೆ, ಆನೆ ನಿಂತ ಹಾಗೆಯೇ ಇಸ್ತ್ರಿ ಹಾಕುತ್ತಿದ್ದ ಎಂದು ಹೋದ ವರ್ಷ ಒಬ್ಬ ಗಿರಾಕಿಗೆ ಹೇಳಿದ್ದೆ. ಅದು ಸುಳ್ಳು, ಆನೆ ಮಲಗಿಕೊಂಡಿತ್ತು. ಇದು ಹಾಗಲ್ಲ, ಇದೇ ಮೂಲೆಯಲ್ಲಿ, ಇದೇ ಗಾಡಿಯ ಮುಂದೆ, ಹೋದ ಆಷಾಢದಲ್ಲಿ ನಡೆದದ್ದು. ನೀವು ಆ ಬೆಂಚಿನ ಮೇಲೆ ಕೂತುಕೊಳ್ಳಿ. ಎರಡೂ ಅಂಗಿಗೆ ಗೆರೆ ಕೂರಿಸಿ ಕೊಡುತ್ತೇನೆ. ಮಾತಾಡುವಾಗ ನಾನು ಪೆಟ್ಟಿಗೆಯನ್ನು ಕೈಬಿಡುವುದಿಲ್ಲ, ಬೇಸರ ಮಾಡಿಕೊಳ್ಳಬೇಡಿ. ಅಭ್ಯಾಸವಾಗಿಬಿಟ್ಟಿದೆ.

ಬಸ್ಸಿಳಿದು ನೇರ ಇಲ್ಲಿಗೆ ಬಂದಿದ್ದೀರಿ, ನಮ್ಮೂರು ನಿಮಗೆ ಹೊಸದು. ಇಲ್ಲಿ ದಿನಕ್ಕೊಮ್ಮೆಯಾದರೂ, ಹೆಸರು ಗೊತ್ತಿಲ್ಲದವರೊಬ್ಬರು ನಿಮ್ಮನ್ನು ಒಂದು ಲೋಟ ಟೀ ಮುಗಿಯುವಷ್ಟು ಹೊತ್ತು ನೋಡಬೇಕು. ನೋಡದಿದ್ದರೆ ಕಾಲು ನೆಲ ಬಿಡಲು ಶುರುವಾಗುತ್ತದೆ. ಹೆಸರು ಗೊತ್ತಿದ್ದವರು ಕಣ್ಣು ಕಿತ್ತುಕೊಂಡು ನೋಡಿದರೂ ಪ್ರಯೋಜನವಿಲ್ಲ. ಹೆಂಡತಿ ನೋಡಿದರೆ ಇಲ್ಲ, ತಮ್ಮ ನೋಡಿದರೆ ಇಲ್ಲ, ಸಾಲುಮನೆಯವರು ನೋಡಿದರೆ ಇಲ್ಲ. ಯಾಕೆ ಎಂದು ಕೇಳಬೇಡಿ. ನಿಮ್ಮೂರಲ್ಲಿ ಕಾಲು ನೆಲಕ್ಕೆ ಯಾಕೆ ಅಂಟಿಕೊಂಡೇ ಇರುತ್ತದೆ ಎಂದು ನಾನು ಕೇಳಿದೆನೆ?

ನಾವು ಹೊಂದಿಕೊಂಡಿದ್ದೇವೆ. ಅಂಗಡಿಗಳ ಬೋರ್ಡಿನ ಮೇಲೆ ಮಾಲೀಕರ ಹೆಸರಿರುವುದಿಲ್ಲ. ಮದುವೆ ಕಾಗದದಲ್ಲಿ ವರ, ವಧು ಎಂದಷ್ಟೇ ಅಚ್ಚಾಗುತ್ತದೆ. ಆಸ್ಪತ್ರೆಯಲ್ಲಿ ನರ್ಸಮ್ಮ ಬಂದು ‘ಹಳದಿ ಟವಲ್ಲು, ಒಳಗೆ ಬಾಪ್ಪ’ ಎಂದು ಕರೆಯುತ್ತಾಳೆ. ಸಿನಿಮಾ ಟಾಕೀಸಿನಲ್ಲಿ ಇಂಟರ್‌ವಲ್ ಅರ್ಧ ಗಂಟೆ, ಜನ ಹಿಂದೆ ತಿರುಗಿ ಕೂತು ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಾರೆ. ಎಷ್ಟೋ ಜನ ಸಿನಿಮಾ ಮತ್ತೆ ಶುರುವಾಗುವ ಮುಂಚೆ ಎದ್ದು ಹೋಗಿಬಿಡುತ್ತಾರೆ, ಬಂದ ಕೆಲಸ ಆಯಿತಲ್ಲ. ಯಾರ ಕಣ್ಣಿಗೂ ಬೀಳದವರು ಬಟ್ಟೆಯ ಅಂಚಿನಲ್ಲಿ ಚಿಕ್ಕ ಚಿಕ್ಕ ಜೇಬು ಹೊಲಿಸಿಕೊಂಡು ಕಲ್ಲು ತುಂಬಿಕೊಳ್ಳುತ್ತಾರೆ. ಬೇರೆ ತಿಂಗಳಲ್ಲಿ ಅದು ಸಾಕು. ಆಷಾಢದಲ್ಲಿ ಬಯಲ ಕಡೆಯಿಂದ ಗಾಳಿ ಬರುತ್ತದಲ್ಲ, ಅದಕ್ಕೆ ಕಲ್ಲು ಲೆಕ್ಕಕ್ಕಿಲ್ಲ. ಗಡಿಯಾರ ರಿಪೇರಿಯ ಶಂಭುಲಿಂಗ ಕಲ್ಲಿನ ಸಮೇತ ಹೋದ. ಮೂರನೇ ದಿನ ಕಲ್ಲು ಮಾತ್ರ ಇಸ್ಕೂಲಿನ ಹೆಂಚಿನ ಮೇಲೆ ಉದುರಿದವು. ಅವನ ಅಂಗಡಿಯಲ್ಲಿ ರಿಪೇರಿಗೆ ಕೊಟ್ಟ ಗಡಿಯಾರಗಳು ಇನ್ನೂ ಓಡುತ್ತಿವೆ ಎನ್ನುತ್ತಾರೆ, ಬೀಗ ತೆಗೆಯಲು ಯಾರಿಗೂ ಧೈರ್ಯವಿಲ್ಲ.

ಯಾರು ಹಗುರ, ಯಾರು ಭಾರ ಎಂದು ಊರಲ್ಲಿ ಎಲ್ಲರಿಗಿಂತ ಮೊದಲು ಗೊತ್ತಾಗುವುದು ಇಸ್ತ್ರಿಯವನಿಗೆ. ಕಲ್ಲಿನ ಜೇಬು ನಮ್ಮ ಕೈಗೆ ಸಿಗುತ್ತದೆ. ನಾವು ಬಾಯಿ ಬಿಡುವುದಿಲ್ಲ. ಇನ್ನೊಂದು ಕಟ್ಟಳೆ ಇದೆ. ಜೇಬಿನಲ್ಲಿ ಕಾಗದ ಸಿಕ್ಕರೆ ಇಸ್ತ್ರಿಯವರು ಕಣ್ಣು ಮುಚ್ಚಿಕೊಂಡು ಅದನ್ನು ಗಾಡಿಯ ಮೇಲಿನ ಬಟ್ಟಲಿಗೆ ಹಾಕಬೇಕು, ಅದರಲ್ಲಿ ಹೆಸರಿದ್ದರೆ ಎಂದು. ನನಗೆ ಆ ತಾಪತ್ರಯವೂ ಇರಲಿಲ್ಲ. ನಾನು ಒಂದನೇ ಕ್ಲಾಸಿನಲ್ಲಿ ಮೂರು ದಿನ ಕೂತವನು, ನಾಲ್ಕನೇ ದಿನ ಕಿಟಕಿ ಹಾರಿದೆ. ಓದಲು ಬಾರದ ಇಸ್ತ್ರಿಯವನು ಎಂದು ದೂರದ ಬೀದಿಗಳಿಂದಲೂ ನನ್ನ ಹತ್ತಿರ ಬಟ್ಟೆ ಬರುತ್ತಿತ್ತು. ಬಟ್ಟೆ ತಂದವರು ಒಂದು ಗಳಿಗೆ ನಿಂತು ನನ್ನನ್ನು ನೋಡುತ್ತಿದ್ದರು. ಹಾಗಾಗಿ ನನ್ನ ಕಾಲಿನ ಬಗ್ಗೆ ನಾನು ಯೋಚನೆ ಮಾಡಿದವನೇ ಅಲ್ಲ. ಸುತ್ತಲಿನ ಅಂಗಡಿಯವರಿಗೆಲ್ಲ ನನ್ನ ಹೆಸರು ಗೊತ್ತಿತ್ತು, ಗೊತ್ತಿದ್ದರೆ ಗೊತ್ತಿರಲಿ ಎಂದುಕೊಂಡಿದ್ದೆ.

ಇಸ್ತ್ರಿ ಹಾಕುವವನ ಕೈಗೆ ಕೆಲಸ, ಕಣ್ಣಿಗೆ ರಜೆ. ಎದುರಿಗೇ ಬಸ್ ಸ್ಟಾಪು. ನೋಡುವುದಕ್ಕೆ ನನಗೆ ಏನು ಕಮ್ಮಿ? ಬಲಗೈಗೊಂದು ಎಡಗೈಗೊಂದು ವಾಚು ಕಟ್ಟಿಕೊಂಡು, ಎರಡನ್ನೂ ನೋಡಿ, ಆಮೇಲೆ ಪಕ್ಕದವರನ್ನು ಟೈಮು ಕೇಳುವ ಒಬ್ಬ ಬರುತ್ತಿದ್ದ. ಖಾಲಿ ಹಕ್ಕಿಪಂಜರವನ್ನು ಬಟ್ಟೆಯಿಂದ ಮುಚ್ಚಿಕೊಂಡು ಓಡಾಡುವ ಮುದುಕಿಯೊಬ್ಬಳಿದ್ದಳು. ಅವರಿಗೆಲ್ಲ ನಾನು ಒಂದೊಂದು ಕತೆ ಕಟ್ಟಿ, ಪಕ್ಕದ ಟೀ ಅಂಗಡಿಯ ದ್ಯಾವಕ್ಕನಿಗೆ ಹೇಳುತ್ತಿದ್ದೆ. ದ್ಯಾವಕ್ಕ ನಂಬುತ್ತಿರಲಿಲ್ಲ, ಆದರೆ ಕೇಳದೆ ಟೀ ಸೋಸುತ್ತಲೂ ಇರಲಿಲ್ಲ.

ಹೋದ ಯುಗಾದಿ ಕಳೆದ ಮೇಲೆ ಆಕೆ ಬರಲು ಶುರು ಮಾಡಿದಳು. ಒಂಬತ್ತು ಹತ್ತಕ್ಕೆ ಸರಿಯಾಗಿ. ವಯಸ್ಸು ನಲವತ್ತರ ಆಚೆ ಈಚೆ. ಹೆಚ್ಚಾಗಿ ಉಡುತ್ತಿದ್ದದ್ದು ನವಿಲುಗತ್ತಿನ ಬಣ್ಣದ ಸೀರೆ, ಗಿಣಿಹಸಿರು ಅಂಚು. ಹೆಗಲ ಮೇಲೆ ಎದೆಯೆತ್ತರದ ಒಂದು ಬಟ್ಟೆ ಚೀಲ, ಒಳಗೇನೋ ಗಟ್ಟಿಯಾದದ್ದು. ನೆರಳಿದ್ದರೂ ನೆರಳಿಗೆ ಹೋಗುತ್ತಿರಲಿಲ್ಲ, ಕಂಬದ ಪಕ್ಕ ಬಿಸಿಲಲ್ಲೇ ನಿಲ್ಲುತ್ತಿದ್ದಳು. ಮುಷ್ಟಿಯಲ್ಲಿ ಹುರಿಗಡಲೆ ಇಟ್ಟುಕೊಂಡು ಒಂದೊಂದನ್ನೇ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಒಂಬತ್ತು ಹದಿನೈದರ ಬಸ್ಸು ಒಂದೆರಡು ಸೀಟು ಖಾಲಿಯಿಟ್ಟುಕೊಂಡು ಬರುತ್ತದೆ, ಅದನ್ನು ಹತ್ತುತ್ತಿರಲಿಲ್ಲ. ಅರ್ಧ ಗಂಟೆಯಾದ ಮೇಲೆ ಜನ ಬಾಗಿಲಲ್ಲಿ ನೇತಾಡುತ್ತಾ ಬರುವ ಎರಡನೇ ಬಸ್ಸಿಗೆ ನೂಕಿಕೊಂಡು ಹತ್ತುತ್ತಿದ್ದಳು. ದಿನವೂ ಹೀಗೆಯೇ. ಸೀಟಿರುವ ಬಸ್ಸನ್ನು ಕಳಿಸಿ ಸೀಟಿಲ್ಲದ್ದಕ್ಕೆ ಕಾಯುವ ಹೆಂಗಸನ್ನು ನೀವೆಲ್ಲಾದರೂ ನೋಡಿದ್ದೀರಾ? ನನಗೆ ಬೇರೆಯವರನ್ನು ನೋಡುವುದೇ ಬಿಟ್ಟುಹೋಯಿತು.

“ಏನಣ್ಣ, ನಿನ್ ಮಾರಾಣಿ ಬಂದ್ಲು. ಬಾಯ್ ಮುಚ್ಕೊ, ನೊಣ ಹೋದಾತು,” ಎನ್ನುತ್ತಿದ್ದಳು ದ್ಯಾವಕ್ಕ.

“ಆ ಚೀಲದಲ್ಲಿರೋದು ಬಂದೂಕ ಕಣಕ್ಕ. ಆಯಮ್ಮ ಹುಲಿ ಹೊಡೆಯೋ ಮನೆತನದೋಳು.”

“ನಿನ್ನೆ ವೀಣೆ ಅಂದಿದ್ದೆ.”

“ನಿನ್ನೆ ವೀಣೆ ಇತ್ತು.”

ಒಂದು ದಿನ, ನನಗೆ ಆಗಾಗ ಬಟ್ಟೆ ಕೊಡುವ ಹಲ್ಲಿಲ್ಲದ ಅಜ್ಜಿಯೊಬ್ಬಳು ಗಂಟು ತಂದಿಟ್ಟು ಹೋದಳು. ಬಿಚ್ಚಿದರೆ ನವಿಲುಗತ್ತಿನ ಸೀರೆ, ಗಿಣಿಹಸಿರು ಅಂಚು. ಅಜ್ಜಿಯ ಸೊಸೆ ಆಕೆ ಎಂದು ಆಗ ತಿಳಿಯಿತು. ಸೀರೆಯ ಕೆಳ ಅಂಚನ್ನು ಹಿಡಿದ ಕೂಡಲೇ ಕೈ ಭಾರವಾಯಿತು. ಸುತ್ತಲೂ ಹತ್ತು ಹದಿನೈದು ಪುಟ್ಟ ಜೇಬು, ಒಂದೊಂದರಲ್ಲೂ ಒಂದೊಂದು ನುಣುಪಾದ ಹೊಳೆಗಲ್ಲು. ಬಟ್ಟೆ ಅಲ್ಲಲ್ಲಿ ಸವೆದು ಎರಡೆರಡು ಸಲ ತೇಪೆ ಬಿದ್ದಿತ್ತು. ಅಂದರೆ ವರ್ಷಗಟ್ಟಲೆಯಿಂದ ಹೊತ್ತುಕೊಂಡೇ ಓಡಾಡಿದ್ದಾಳೆ. ನನಗೆ ಆವತ್ತು ಊಟ ಸೇರಲಿಲ್ಲ. ಮಾರನೆಯ ದಿನದಿಂದ ಕತೆ ಕಟ್ಟುವುದನ್ನು ಬದಿಗಿಟ್ಟು, ಸುಮ್ಮನೆ, ಶ್ರದ್ಧೆಯಿಂದ ನೋಡಲು ಶುರು ಮಾಡಿದೆ. ಒಂಬತ್ತು ಹತ್ತರಿಂದ ಎರಡನೇ ಬಸ್ಸಿನವರೆಗೆ ಒಂದು ಕರವಸ್ತ್ರಕ್ಕೂ ಇಸ್ತ್ರಿ ಹಾಕುತ್ತಿರಲಿಲ್ಲ. ಮೂರು ವಾರ ಕಳೆದು ಗಂಟು ಮತ್ತೆ ಬಂತು. ಅಂಚಿನಲ್ಲಿ ಕಲ್ಲಿರಲಿಲ್ಲ. ಜೇಬುಗಳ ಹೊಲಿಗೆಯನ್ನೇ ಬಿಚ್ಚಿ, ದಾರದ ತುದಿಗಳನ್ನೂ ನೀಟಾಗಿ ಕಿತ್ತುಹಾಕಿದ್ದಳು.

ಅವತ್ತು ನನಗಾದ ಸಂತೋಷ ಯಾರಿಗೂ ಆಗಬಾರದು, ಯಾಕೆಂದರೆ ಅದೇ ನನ್ನ ತಲೆ ಕೆಡಿಸಿತು. ನನ್ನ ಕಣ್ಣಿಂದ ಒಂದು ಜೀವ ನೆಲದ ಮೇಲೆ ನಿಂತಿದೆ ಎಂಬ ಜಂಬ. ಅದೇ ಗಂಟಿನಲ್ಲಿ ಆಕೆಯ ಕೆಲಸದ ಖಾಕಿ ಕೋಟೂ ಇತ್ತು, ಮೊದಲ ಸಲ ಬಂದದ್ದು. ಜೇಬಿಗೆ ಕೈ ಹಾಕಿದರೆ ಮಡಚಿದ ಒಂದು ಚೀಟಿ. ಬಟ್ಟಲಿಗೆ ಹಾಕಿ ಸುಮ್ಮನಿರಬೇಕಿತ್ತು. ಹಾಕಲಿಲ್ಲ. ಚೀಟಿ ಬಿಚ್ಚಿ ನೋಡಿದೆ. ಇರುವೆ ಸಾಲಿನ ಹಾಗೆ ಅಕ್ಷರ. ಮೊದಲನೇ ಅಕ್ಷರ ಒಂದನ್ನು ತಿಳಿದುಕೊಂಡರೆ ಹೆಸರು ತಿಳಿದ ಹಾಗಾಗುವುದಿಲ್ಲವಲ್ಲ ಎಂದು ನನ್ನ ಮನಸ್ಸು ವಕೀಲನ ಥರ ವಾದ ಮಾಡಿತು. ಇಷ್ಟು ದಿನ ಕಾಪಾಡಿದವನಿಗೆ ಒಂದಕ್ಷರದ ಹಕ್ಕಿಲ್ಲವೆ?

ದ್ಯಾವಕ್ಕನ ಮುಂದೆ ಚೀಟಿ ಹಿಡಿದೆ. ಅವಳು ಸೆರಗಿನಿಂದ ಕಣ್ಣು ಮುಚ್ಚಿಕೊಂಡಳು.

“ಬ್ಯಾಡ ಕಣಣ್ಣ. ನಂಗೆ ಓದಕ್ ಬರ್ತದೆ, ಅದಕ್ಕೇ ಓದಲ್ಲ. ಮಡಚಿ ಇಕ್ಕು.”

ಇಕ್ಕಲಿಲ್ಲ. ಟೀ ಅಂಗಡಿಯ ಬೆಂಚಿನ ತುದಿಯಲ್ಲಿ ಉಗ್ರಪ್ಪ ಮೇಷ್ಟ್ರು ಕೂತಿದ್ದರು. ಪೆನ್ಶನ್ ಮೇಷ್ಟ್ರು, ಬಾಳ ಒಳ್ಳೆಯವರು. ಅವರ ಕಿವಿಯ ಹತ್ತಿರ ಬಗ್ಗಿದೆ.

“ಮೇಷ್ಟ್ರೇ, ಇದರಲ್ಲಿ ಹೆಸರಿನ ಮೊದಲನೇ ಅಕ್ಷರ ಒಂದೇ ಹೇಳಿ. ಒಂದೇ. ಮೆಲ್ಲಗೆ.”

ಮೇಷ್ಟ್ರು ಕನ್ನಡಕ ಏರಿಸಿದರು. ಗಂಟಲು ಸರಿ ಮಾಡಿಕೊಂಡರು. ಆ ಗಂಟಲು ಸರಿ ಮಾಡಿಕೊಂಡ ಶಬ್ದ ಕೇಳಿದಾಗಲೇ ನನಗೆ ತಿಳಿಯಬೇಕಿತ್ತು. ಕೊನೆಯ ಬೆಂಚಿನವರಿಗೂ ಕೇಳುವ ಹಾಗೆ, ಒತ್ತಕ್ಷರಕ್ಕೆ ಒತ್ತು ಕೊಟ್ಟು, ಇನಿಷಿಯಲ್ಲು, ಹೆಸರು, ಗಂಡನ ಹೆಸರು, ಎರಡು ದಿನದ ರಜೆಗೆ ಕಾರಣ ಜ್ವರ ಎಂಬುದರವರೆಗೆ ಓದಿ ಮುಗಿಸಿದರು.

ಬೆಂಚಿನ ಮೇಲೆ ಒಂಬತ್ತು ಜನ ಇದ್ದರು. ಒಂಬತ್ತು ಲೋಟ ಒಂಬತ್ತು ತುಟಿಯ ಹತ್ತಿರ ನಿಂತವು. ಅವರೆಲ್ಲ ದಿನಾ ಬೆಳಿಗ್ಗೆ ಅದೇ ಬೆಂಚಿನ ಮೇಲೆ ಕೂತು ಅದೇ ಬಸ್ ಸ್ಟಾಪು ನೋಡುವವರು. ಒಂಬತ್ತು ಜೊತೆ ಕಣ್ಣು, ದ್ಯಾವಕ್ಕನದು, ನನ್ನದು, ಎಲ್ಲ ಒಂದೇ ಉಸಿರಿಗೆ ಕೆಲಸಕ್ಕೆ ಬಾರದೆ ಹೋದವು.

ಮೇಷ್ಟ್ರು ಚೀಟಿಯನ್ನು ಮಡಚಿ ನನ್ನ ಕಡೆ ಚಾಚಿದರು. “ಮೂವತ್ತಾರು ವರ್ಷ ಗಟ್ಟಿಯಾಗಿ ಪಾಠ ಓದಿದ ಬಾಯಪ್ಪ ಇದು. ಮನಸ್ಸಲ್ಲಿ ಓದ್ಕೊಳ್ಳೋದು ನಂಗೆ ಬರಲ್ಲ. ನಿಂಗೆ ಗೊತ್ತಿರ್ಲಿಲ್ವಾ?”

ಗೊತ್ತಿತ್ತು. ಊರಿಗೆಲ್ಲ ಗೊತ್ತಿತ್ತು. ಮೇಷ್ಟ್ರ ಮನೆಗೆ ಬರುವ ಕಾಗದದ ಸುದ್ದಿ ಮೂರು ಬೀದಿಗೆ ಗೊತ್ತಾಗುತ್ತಿತ್ತು. ಆದರೂ ಕೊಟ್ಟಿದ್ದೆ.

ಮಾರನೆಯ ದಿನ ಒಂಬತ್ತು ಹತ್ತಕ್ಕೆ ಆಕೆ ಬಂದಳು. ನಾವು ಹನ್ನೊಂದು ಜನ ಆಕೆಯ ಪಾದವನ್ನೇ ನೋಡಿದೆವು. ಚಪ್ಪಲಿ ನೆಲದ ಮೇಲಿತ್ತು. ಮೊದಲ ಬಸ್ಸು ಹೋಯಿತು. ಎರಡನೇ ಬಸ್ಸು ಬರುವ ಹೊತ್ತಿಗೆ ಹಿಮ್ಮಡಿಯ ಕೆಳಗೆ ಒಂದು ಕಾಗದ ತೂರಿಸುವಷ್ಟು ಬೆಳಕು ಕಂಡಿತು. ಮೂರನೇ ದಿನ ಒಂದು ಬೆರಳು. ನಾಲ್ಕನೇ ದಿನ ಎರಡು ಬೆರಳು. ಅಷ್ಟೇ ಆಗಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ಆಕೆ ಕಡಲೆ ತಿನ್ನುವುದನ್ನು ನಿಲ್ಲಿಸಿ ನಮ್ಮ ಅಂಗಡಿ ಸಾಲಿನ ಕಡೆ ನೋಡಲು ಶುರು ಮಾಡಿದಳು. ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ, ಏನೋ ಕಳೆದುಹೋದದ್ದನ್ನು ಹುಡುಕುವ ಹಾಗೆ. ಆಕೆಯ ಕಣ್ಣು ನನ್ನ ಗಾಡಿಯ ಹತ್ತಿರ ಬಂದಾಗ ನಾನು ಬಗ್ಗಿ ಇದ್ದಿಲು ಕೆದಕುತ್ತಿದ್ದೆ.

ಹೊಸ ಗಿರಾಕಿ ಬಂದರೆ ಅವರಿಗೆ ತೋರಿಸಲು ನೋಡಿದೆ. “ಅಲ್ಲಿ ಕಂಬದ ಹತ್ರ ನಿಂತಿದ್ದಾರಲ್ಲ, ಅವರನ್ನೊಂದು ಚೂರು ನೋಡ್ತೀರಾ,” ಎಂದರೆ ಅವರು ತಿರುಗಿ, “ಯಾರು, ಇವರಾ?” ಎಂದು ಹೆಸರು ಹಿಡಿದೇ ಕೇಳುತ್ತಿದ್ದರು. ಆ ಹೆಸರು ಕೇಳುವುದಕ್ಕೆ ಚೆಂದ, ಒಮ್ಮೆ ಕಿವಿಗೆ ಬಿದ್ದರೆ ಬಾಯಿಗೆ ಬಂದೇ ಬರುತ್ತದೆ. ಬೆಂಚಿನ ಒಂಬತ್ತು ಜನರಿಂದ ಅದು ನಾಲ್ಕು ದಿನದಲ್ಲಿ ಮಾರ್ಕೆಟ್ಟು ದಾಟಿತ್ತು. ಪಾಪ, ಮೇಷ್ಟ್ರು ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟರು. ಉಳಿದವರು ಯಾರು? ದೂರದಿಂದ ಬಸ್ಸಲ್ಲಿ ಬಂದು, ದೂರಕ್ಕೆ ಹೋಗುವವರು. ಅವರು ಕಿಟಕಿಗೆ ತಲೆಯಾನಿಸಿ ನಿದ್ದೆ ಮಾಡುತ್ತಿದ್ದರು, ಎಚ್ಚರವಿದ್ದವರು ಮೊಬೈಲು ತಿಕ್ಕುತ್ತಿದ್ದರು.

ಆರನೇ ದಿನ ಆಷಾಢ ಹಿಡಿಯಿತು. ಪುರಸಭೆಯವರು ಬೀದಿಯುದ್ದಕ್ಕೂ ಹಿಡಿಹಗ್ಗ ಕಟ್ಟಿದರು. ಆದರೆ ಬಸ್ ಸ್ಟಾಪಿಗೆ ಬಸ್ಸು ಬರಬೇಕಲ್ಲ, ಅಲ್ಲಿ ಹಗ್ಗ ಕಟ್ಟುವುದಿಲ್ಲ. ಎಂಟನೇ ದಿನ, ಮೊದಲ ಬಸ್ಸು ಹೊರಟಿತ್ತಷ್ಟೆ, ಬಯಲ ಕಡೆಯ ಗಾಳಿ ಗೇಟು ಮುರಿದ ದನದ ಹಾಗೆ ನುಗ್ಗಿತು. ನನ್ನ ಗಾಡಿಯ ಮೇಲಿದ್ದ ಮೂರು ಪಂಚೆ ಹಾರಿ ಲೈಟು ಕಂಬಕ್ಕೆ ಸುತ್ತಿಕೊಂಡವು. ನಾನು ಪಂಚೆ ನೋಡಲಿಲ್ಲ. ಆಕೆಯ ಕಾಲು ಒಂದು ಮೊಳ ಮೇಲೆ ಹೋಗಿತ್ತು. ಆಮೇಲೆ ಎರಡು ಮೊಳ. ಕೂಗಲಿಲ್ಲ ಆಕೆ. ಹೆಗಲಿಗಿದ್ದ ಉದ್ದನೆಯ ಚೀಲವನ್ನು ಎರಡೂ ಕೈಯಲ್ಲಿ ಹಿಡಿದು ಬಸ್ ಸ್ಟಾಪಿನ ತಗಡಿನ ಅಂಚಿಗೆ ಕೊಕ್ಕೆ ಹಾಕಿ ನೇತಾಡಿದಳು. ಚೀಲದ ಬಟ್ಟೆ ಹರಿದು ಹಾರಿಹೋಯಿತು. ಒಳಗಿದ್ದದ್ದು ಬಂದೂಕವೂ ಅಲ್ಲ, ವೀಣೆಯೂ ಅಲ್ಲ. ಬೀದಿ ನಲ್ಲಿಗೆ ನೀರು ಬಿಡುವವರು ಗುಂಡಿಯೊಳಗೆ ಇಳಿಸಿ ತಿರುಗಿಸುತ್ತಾರಲ್ಲ, ಅಂಥ ಕಬ್ಬಿಣದ ಉದ್ದ ಚಾವಿ. ಆ ಕಬ್ಬಿಣವಿಲ್ಲದಿದ್ದರೆ ಆವತ್ತೇ ಶಂಭುಲಿಂಗನ ದಾರಿ.

ನಾನು ರಸ್ತೆ ಹಾರಿ ಹೋಗಿ ಆಕೆಯ ಪಾದ ಹಿಡಿದುಕೊಂಡೆ. ಬೆಂಚಿನವರು ನನ್ನ ಸೊಂಟ ಹಿಡಿದರು. ಗಾಳಿ ಇಳಿಯುವವರೆಗೆ ಹಾಗೆಯೇ ನಿಂತೆವು, ಬಾವಿಯಿಂದ ಬಿಂದಿಗೆ ಎತ್ತುವವರ ಹಾಗೆ, ಆದರೆ ತಲೆಕೆಳಗು. ಆ ಪಾದ ಒಣಗಿದ ಎಲೆಯಷ್ಟು ಹಗುರವಿತ್ತು. ಕೆಳಗಿಳಿಸಿದ ಮೇಲೆ ಆಕೆ ಯಾರ ಮುಖವನ್ನೂ ನೋಡದೆ ಚಾವಿಯನ್ನು ಎದೆಗೊತ್ತಿ ಹಿಡಿದು ಎರಡನೇ ಬಸ್ಸು ಹತ್ತಿದಳು.

“ಇನ್ನೊಂದ್ ಗಾಳಿ ತಡೆಯಲ್ಲ ಕಣಣ್ಣ ಆಯಮ್ಮ,” ಎಂದಳು ದ್ಯಾವಕ್ಕ. ಅವಳ ದನಿಯಲ್ಲಿ ತಮಾಷೆ ಇರಲಿಲ್ಲ. “ಕತೆ ಕಟ್ತಿದ್ದೆಯಲ್ಲ, ಈಗ ಕಟ್ಟು ಏನಾರ.”

ಮಧ್ಯಾಹ್ನ ಹಲ್ಲಿಲ್ಲದ ಅಜ್ಜಿ ಗಂಟು ತಂದಿಟ್ಟಳು. ಮೇಲೆಯೇ ನವಿಲುಗತ್ತಿನ ಸೀರೆ. “ನಾಳೆ ಆಪೀಸಿಗೆ ಸಾಹೇಬ್ರು ಬತ್ತಾರಂತೆ. ಚೆನ್ನಾಗ್ ಹಾಕಪ್ಪ,” ಎಂದು ಹೇಳಿ ಹಗ್ಗ ಹಿಡಿದುಕೊಂಡು ಹೋದಳು.

ನಾನು ಈ ಪೆಟ್ಟಿಗೆ ಹಿಡಿದು ಇಪ್ಪತ್ತೆರಡು ವರ್ಷ. ರೇಷ್ಮೆ, ಮಲ್ಲು, ಗಾಜಿನಂಥ ನೈಲಾನು, ಒಂದು ಬಟ್ಟೆಯನ್ನೂ ಸುಟ್ಟವನಲ್ಲ. ನಮ್ಮಪ್ಪ ಸಾಯುವಾಗ ನನ್ನ ಕೈ ಹಿಡಿದು ಹೇಳಿದ್ದು ಅದೊಂದೇ ಮಾತು. ಸೀರೆಯನ್ನು ಹರಡಿದೆ. ಸೆರಗು ಹೊದ್ದಾಗ ಬೆನ್ನಿನ ನಡುವೆ ಎಲ್ಲಿ ಬೀಳುತ್ತದೆ ಎಂದು ಅಳೆದೆ. ಪೆಟ್ಟಿಗೆಗೆ ಹೊಸ ಇದ್ದಿಲು ತುಂಬಿ ಬಾಯಿಂದ ಊದಿದೆ. ನೀರು ಚಿಮುಕಿಸದೆ, ಬಟ್ಟೆಯ ಮೇಲೆ ನೇರ ಇಟ್ಟೆ. ಕೈ ಎತ್ತು ಎತ್ತು ಎನ್ನುತ್ತಿತ್ತು, ಇಪ್ಪತ್ತೆರಡು ವರ್ಷದ ಅಭ್ಯಾಸ. ಎತ್ತಲಿಲ್ಲ.

“ಏನೋ ಸೀದ ವಾಸ್ನೆ,” ಎಂದಳು ದ್ಯಾವಕ್ಕ.

“ಸೀರೆ ಸುಟ್ಟೋಯ್ತು ಕಣಕ್ಕ.”

“ನಿನ್ ಕೈಯಲ್ಲಾ?” ಅವಳು ಬಂದು ನೋಡಿದಳು. ನನ್ನ ಮುಖ ನೋಡಿದಳು. ಟೀ ಸೋಸಲು ತಿರುಗಿ ಹೋದಳು.

ಪೆಟ್ಟಿಗೆಯ ಪಾದ ಮೂಡಿದ ಹಾಗೆ, ಅಂಗೈಗಿಂತ ದೊಡ್ಡ ಕಂದು ಗುರುತು, ನಡುವೆ ತೂತು. ಒಳಗೆ ಸೇರುವ ಹಾಗೆ ಮಡಿಕೆ ಹಾಕಿದೆ. ಬೆಳಿಗ್ಗೆ ಅವಸರದಲ್ಲಿ ಉಡುವವರಿಗೆ ಕಾಣಬಾರದು.

ಮಾರನೆಯ ದಿನ ಆಕೆ ಬಂದಾಗ ನೆಲಕ್ಕೂ ಚಪ್ಪಲಿಗೂ ಒಂದು ಗೇಣು. ಒಂದು ಕೈಯಿಂದ ಕಂಬ ತಬ್ಬಿಕೊಂಡಿದ್ದಳು. ಮೊದಲ ಬಸ್ಸು ಬಂತು. ಕಿಟಕಿಯ ಪಕ್ಕ ಕೂತ ಹೆಂಗಸೊಬ್ಬಳು ಮೊಬೈಲಿನಿಂದ ತಲೆಯೆತ್ತಿದಳು. ಪಕ್ಕದವಳ ತೊಡೆ ತಟ್ಟಿ ತೋರಿಸಿದಳು. ಅವಳು ಹಿಂದಿನ ಸೀಟಿಗೆ ಹೇಳಿದಳು. ಆ ಕಡೆ ಸಾಲಿನವರು ಎದ್ದು ಈ ಕಡೆ ಬಗ್ಗಿದರು. ಅಯ್ಯೋ ಪಾಪ, ಎಂಥಾ ಸೀರೆ ಅಲ್ವಾ, ಯಾವ ಮುಠ್ಠಾಳ ಇಸ್ತ್ರಿ ಹಾಕಿದ್ನೋ. ಇಡೀ ಬಸ್ಸು ಒಂದು ಬದಿಗೆ ವಾಲಿತು, ಕಂಡಕ್ಟರು ಸೀಟಿ ಊದುವುದು ಮರೆತು ಅವನೂ ನೋಡಿದ. ನಾನು ಆಕೆಯ ಪಾದ ನೋಡುತ್ತಿದ್ದೆ. ಗೇಣು ಇದ್ದದ್ದು ನಾಲ್ಕು ಬೆರಳಾಯಿತು. ಎರಡಾಯಿತು. ಚಪ್ಪಲಿ ಧೂಳಿಗೆ ತಾಕಿ, ಧೂಳಲ್ಲಿ ಹಿಮ್ಮಡಿಯ ಗುರುತು ಬಿತ್ತು.

ಬಸ್ಸು ಹೋಗುವ ಮುಂಚೆ ಯಾರೋ ಕಿಟಕಿಯಿಂದ, “ಆಂಟೀ, ನಿಮ್ ಸೀರೆ ಹಿಂದೆ ಸುಟ್ಟಿದೆ,” ಎಂದು ಕೂಗಿದರು. ಆಕೆ ಸೆರಗು ಎಳೆದು ನೋಡಿಕೊಂಡಳು. ರಸ್ತೆ ದಾಟಿ ಮೊದಲು ದ್ಯಾವಕ್ಕನ ಹತ್ತಿರ ಹೋದಳು. “ಆ ಇಸ್ತ್ರಿಯವನ ಹೆಸರೇನಮ್ಮ?” ಆಕೆಯ ಮುಖ ನೋಡಿ ಹೆದರಿ ದ್ಯಾವಕ್ಕ ಹೇಳಿಬಿಟ್ಟಳು. ಆಕೆ ನನ್ನ ಹೆಸರು ಹಿಡಿದು ಕೂಗುತ್ತಲೇ ಗಾಡಿಯ ಕಡೆ ಬಂದಳು. ಆ ಹೆಸರು ನಿಮಗೆ ಈಗ ಬೇಡ.

“ಕಣ್ಣು ಎಲ್ಲಿಟ್ಟಿದ್ರಿ ನೀವು? ನಮ್ಮಮ್ಮ ಕೊನೇ ಸಲ ಕೊಡ್ಸಿದ ಸೀರೆ ಇದು.”

“ತಪ್ಪಾಯ್ತು ಅಕ್ಕಾರೇ.”

“ತಪ್ಪಾಯ್ತು ಅಂದ್ರೆ ತೂತು ಮುಚ್ಚುತ್ತಾ? ಆಪೀಸಿಗೆ ಹೆಂಗ್ ಹೋಗ್ಲಿ? ಬಸ್ಸಲ್ಲಿರೋರೆಲ್ಲ ಎದ್ದು ನಿಂತು ನೋಡಿದ್ರು…”

ನನಗೆ ಬೈಗುಳ ಕೇಳಿಸಿರಲಿಲ್ಲ. ರಸ್ತೆ ದಾಟಿದ ಆಕೆಯ ಹೆಜ್ಜೆ ಕೇಳಿಸಿತ್ತು, ದಪ್ ದಪ್ ಎಂದು, ಭತ್ತ ಕುಟ್ಟುವ ಹಾಗೆ. ಆಕೆ ಮಾತು ನಿಲ್ಲಿಸಿದಳು. ತನ್ನ ಕಾಲು ನೋಡಿಕೊಂಡಳು. ಒಂದು ಪಾದವನ್ನು ಎತ್ತಿ ಮತ್ತೆ ಇಟ್ಟಳು, ಇನ್ನೊಂದನ್ನೂ ಎತ್ತಿ ಇಟ್ಟಳು.

“ಎಷ್ಟು ಜನ ನೋಡಿದ್ರು ಅಕ್ಕಾರೇ?”

“ಬಸ್ ತುಂಬ,” ಎಂದಳು ಮೆಲ್ಲಗೆ. ಆಮೇಲೆ ಬೆಂಚಿನ ತುದಿಯಲ್ಲಿ, ಈಗ ನೀವು ಕೂತಿದ್ದೀರಲ್ಲ ಅಲ್ಲಿಯೇ, ಕೂತುಕೊಂಡಳು. ಪಂಪ್‌ಹೌಸಿನಲ್ಲಿ ದಿನವಿಡೀ ಒಬ್ಬಳೇ ಇರುತ್ತಾಳಂತೆ. ಮನೆಯಲ್ಲಿ ಅತ್ತೆ ಒಬ್ಬಳು. “ಮೊದ್ಲು ಈ ಸ್ಟಾಪಲ್ಲಿ ಯಾರೋ ನನ್ನ ನೋಡ್ತಿದ್ರು ಕಣಣ್ಣ. ಯಾರು ಅಂತ ಗೊತ್ತಿಲ್ಲ. ಇಲ್ಲಿ ನಿಂತ್ರೆ ಮೈಗೆ ಬಿಸಿಲಿನ ಥರ ಗೊತ್ತಾಗೋದು. ಎರಡು ಬಸ್ಸಿನಷ್ಟು ಹೊತ್ತು ನಿಂತ್ರೆ ಸಂಜೆವರ್ಗೂ ಕಾಲು ನಿಲ್ತಿತ್ತು. ಅದಕ್ಕೇ ಮೊದಲ್ನೇ ಬಸ್ ಬಿಡ್ತಿದ್ದೆ. ಆಮೇಲೆ ಒಂದು ದಿನ ನೋಡೋದು ಬಿಟ್ಬಿಟ್ರು. ನಾನೇನು ಮಾಡಿದ್ನೋ.”

ನಾನು ಇದ್ದಿಲು ಕೆದಕಿದೆ. “ನೀವೇನೂ ಮಾಡಿರಲ್ಲ. ಊರು ಬಿಟ್ಟು ಹೋಗಿರಬೇಕು ಅವರು.”

ಜೀವಮಾನವಿಡೀ ಆನೆಗಾತ್ರದ ಸುಳ್ಳು ಹೇಳಿದವನು ನಾನು, ಒಂದೂ ಗಂಟಲಿಗೆ ಸಿಕ್ಕಿರಲಿಲ್ಲ. ಈ ಪುಟ್ಟದ್ದು ಸಿಕ್ಕಿಕೊಂಡಿತು. ಇವತ್ತಿಗೂ ಅಲ್ಲೇ ಇದೆ.

ಮಾರನೆಯ ದಿನ ಆಕೆಯೇ ಮೂರು ಸೀರೆ ತಂದಳು. “ಇದಕ್ಕೆ ಬೆನ್ನ ಹತ್ರ ಬೇಡ, ಸೆರಗಿನ ತುದೀಲಿ ಸುಡಿ. ಈ ಗುಲಾಬಿದಕ್ಕೆ ನೆರಿಗೆ ಮೇಲೆ. ದಿನಾ ಒಂದೇ ಕಡೆ ಇದ್ರೆ ಬಸ್ಸಿನೋರಿಗೆ ಅಭ್ಯಾಸ ಆಗ್ಬಿಡುತ್ತೆ.” ಹಾಗೆ ಆಷಾಢ ದಾಟಿತು. ಈಗಲೂ ಆಕೆ ಬರುತ್ತಾಳೆ. ಈಗ ಮೊದಲ ಬಸ್ಸಿಗೇ ಹತ್ತಿ, ಸೀಟಿನಲ್ಲಿ ಕೂತು ಹೋಗುತ್ತಾಳೆ. ಹತ್ತುವ ಮುಂಚೆ ನನ್ನ ಕಡೆ ನೋಡುತ್ತಾಳೆ, ನಾನೂ ನೋಡುತ್ತೇನೆ. ಆಕೆಯ ಹೆಸರು ನನಗೆ ಗೊತ್ತು, ನನ್ನ ಹೆಸರು ಆಕೆಗೆ ಗೊತ್ತು. ಒಬ್ಬರಿಗೊಬ್ಬರಿಗೆ ಯಾವ ಉಪಯೋಗವೂ ಇಲ್ಲದ ನೋಟ. ಬಾಳ ಚೆನ್ನಾಗಿರುತ್ತದೆ.

ಇಸ್ತ್ರಿಯವನು ಸೀರೆ ಸುಡುತ್ತಾನೆ ಎಂಬ ಸುದ್ದಿಗೆ ಮೇಷ್ಟ್ರೇನೂ ಬೇಕಾಗಲಿಲ್ಲ. ದೂರದ ಬೀದಿಯವರು ಬರುವುದು ನಿಂತಿತು. ಹೊಸಬರು ಯಾರಾದರೂ ಇತ್ತ ಹೆಜ್ಜೆ ಹಾಕಿದರೆ ಪಕ್ಕದವರು ತೋಳು ಹಿಡಿದು ಆಚೆ ಕರೆದೊಯ್ಯುತ್ತಾರೆ. ಈಗ ನನ್ನ ಗಾಡಿಯ ಹತ್ತಿರ ಬರುವವರು ಹನ್ನೆರಡು ಜನ, ಹನ್ನೆರಡು ಜನರಿಗೂ ನನ್ನ ಹೆಸರು ಗೊತ್ತು. ನೀವು ಬಸ್ಸಿಳಿದದ್ದು ನಮ್ಮ ಪುಣ್ಯ, ಯಾರೂ ನಿಮಗೆ ಹೇಳಿರಲಿಲ್ಲ ನೋಡಿ.

ಹೆದರಬೇಡಿ, ನಿಮ್ಮ ಅಂಗಿ ಸುಟ್ಟಿಲ್ಲ. ತಗೊಳ್ಳಿ, ತೋಳಿನ ಗೆರೆ ನೋಡಿ, ಬೇಕಾದರೆ ತರಕಾರಿ ಹೆಚ್ಚಬಹುದು. ಈಗ ಈ ಪೆಟ್ಟಿಗೆಯನ್ನು ಕೆಳಗಿಡುತ್ತೇನೆ. ಏಳು ಕೆಜಿ ಇದೆ, ಬೆಳಗಿನಿಂದ ಕೈಬಿಟ್ಟಿಲ್ಲ. ಗಾಡಿಯ ಈ ಬದಿಗೆ ಬಂದು ನನ್ನ ಕಾಲು ನೋಡಿ. ನೀವು ಬಂದಾಗ ನೆಲಕ್ಕೂ ಇದಕ್ಕೂ ಒಂದು ಗೇಣಿತ್ತು, ಗಾಡಿಯ ಮರೆಯಲ್ಲಿ ನಿಮಗೆ ಕಾಣಲಿಲ್ಲ. ಈಗ ಬೆರಳಿಗೆ ಧೂಳು ಹತ್ತಿದೆ. ಕತೆಯುದ್ದಕ್ಕೂ ನೀವು ನನ್ನ ಮುಖದಿಂದ ಕಣ್ಣು ತೆಗೆಯಲಿಲ್ಲವಲ್ಲ, ಅದಕ್ಕೇ ನಾನು ಇದನ್ನು ಇಷ್ಟುದ್ದ ಎಳೆದದ್ದು.

ಇನ್ನೊಂದು ಅಂಗಿಯೇ? ಅದು ಇವತ್ತು ಆಗುವುದಿಲ್ಲ. ಇದ್ದಿಲು ಆರಿದೆ. ನಾಳೆ ಒಂಬತ್ತು ಹತ್ತಕ್ಕೆ ಬನ್ನಿ, ಇದೇ ಬೆಂಚಿನ ಮೇಲೆ ಕೂತುಕೊಳ್ಳಿ. ನಾಳೆಯೂ ಮುಗಿಯದಿದ್ದರೆ ನಾಡಿದ್ದು ಬರುವಿರಂತೆ. ಬರುವಾಗ ದ್ಯಾವಕ್ಕನ ಅಂಗಡಿಯಲ್ಲಿ ಟೀ ಕುಡಿಯಿರಿ, ಏನು ಬೇಕಾದರೂ ಕೇಳಿ, ನನ್ನ ಹೆಸರು ಮಾತ್ರ ಕೇಳಬೇಡಿ.